ಹಗ್ಗದ ಬಳೆ: ಕೊಳ್ಳುವ ಮುನ್ನ ಪರೀಕ್ಷಿಸಿ

ಅತ್ತಿಬೆಲೆ ಕಡೆಯ ಕಾರ್ಖಾನೆಗಳಿಗೆ ಹೋಗುವ ಹುಡುಗರ ಮಣಿಕಟ್ಟಿನಲ್ಲಿ ಹೆಣೆದ ಹಗ್ಗದ ಬಳೆಯನ್ನು ತಾವು ಕಂಡಿರಬಹುದು. ಇದು ಪ್ಯಾರಾಕಾರ್ಡ್, ಮೂಲತಃ ಪ್ಯಾರಾಚೂಟಿನ ನೈಲಾನ್ ಹುರಿ. ಬಿಚ್ಚಿದರೆ ಎರಡೂವರೆ, ಮೂರು ಮೀಟರ್ ಸಿಕ್ಕೀತು.

ಮೊದಲು ಒಂದನ್ನೇ ಕೊಂಡು ತುದಿ ಕತ್ತರಿಸಿ ನೋಡಿ. ‘550’ ಗುರುತಿನ ಅಸಲಿ ಹುರಿಯಾದರೆ ಹೊದಿಕೆಯೊಳಗೆ 7ರಿಂದ 9 ಎಳೆಗಳಿರುತ್ತವೆ. ತುಂಡನ್ನು ನೀರಿನೊಳಗೆ ಚೆನ್ನಾಗಿ ಹಿಸುಕಿ ಬಿಡಿ: ನೈಲಾನ್ ಮುಳುಗುತ್ತದೆ, ಅಗ್ಗದ ಪಾಲಿಪ್ರೊಪಿಲೀನ್ ತೇಲುತ್ತದೆ.

550 ಎಂದರೆ ಕಿಲೋ ಅಲ್ಲ, ಪೌಂಡು. ಸುಮಾರು 250 ಕಿಲೋ. ಅದೂ ಹೊಸ ಹುರಿಗೆ, ನಿಧಾನವಾಗಿ ಎಳೆದಾಗ. ಗಂಟು ಬಿದ್ದರೆ, ಬಿಸಿಲಿಗೆ ಒಣಗಿದರೆ ಬಲ ಕುಗ್ಗುತ್ತದೆ. ಪ್ಲಾಸ್ಟಿಕ್ ಕೊಕ್ಕೆಯನ್ನಂತೂ ನಂಬಲೇಬೇಡಿ.

ಮೂಟೆಯ ಬಾಯಿ ಬಿಗಿಯಲು, ಚಪ್ಪರದ ಗಳ ಕಟ್ಟಲು ಸೊಗಸಾದ ವಸ್ತು. ದನದ ಕೊರಳಿಗೆ ಬೇಡ; ನಾಲ್ಕು ಮಿಲಿಮೀಟರ್ ಹುರಿ ಚರ್ಮ ಕೊಯ್ಯುತ್ತದೆ. ಇದನ್ನು ನಂಬಿ ಯಾರನ್ನೂ ಬಾವಿಗೆ ಇಳಿಸಬೇಡಿ.