ತಂತಿಯ ಎರಡು ತುದಿಗಳು

ನೀರು ಸೇದುವ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು ಬಲವಾಗಿ ಒಮ್ಮೆ ಜಾಡಿಸಿ ನೋಡಿರಿ. ಕೈಯ ಬಳಿ ಎದ್ದ ಅಲೆ ಹಗ್ಗದುದ್ದಕ್ಕೂ ಓಡಿ, ಕಂಬವನ್ನು ಮುಟ್ಟಿ, ಅಲ್ಲಿಯೇ ನಿಲ್ಲದೆ ಮರಳಿ ನಿಮ್ಮ ಕೈಯತ್ತ ಬರುತ್ತದೆ. ಅದು ಹಿಂದಿರುಗುವ ಮೊದಲೇ ಮತ್ತೊಂದು ಅಲೆಯನ್ನು ಎಬ್ಬಿಸಿದಿರಾದರೆ ಎರಡೂ ನಡುದಾರಿಯಲ್ಲಿ ಸಂಧಿಸಿ ಎರಡರ ಆಕಾರವೂ ಕಲಸಿಹೋಗುತ್ತದೆ. ತಂತಿಯಲ್ಲಿ ಹರಿಯುವ ವಿದ್ಯುತ್ ಸಂಕೇತದ ಗತಿಯೂ ಇದೇ ಬಗೆಯದು. ಕಂಪ್ಯೂಟರಿಗೆ ಡಿಸ್ಕುಗಳನ್ನು ಜೋಡಿಸುವ ಒಂದು ಪದ್ಧತಿಯಲ್ಲಿ ಈ ಸಣ್ಣ ಸಂಗತಿಯನ್ನು ಮರೆತವರು ಎಷ್ಟೋ ದಿನಗಳ ದುಡಿಮೆಯನ್ನು ಕಳೆದುಕೊಂಡದ್ದುಂಟು.

ಆ ಪದ್ಧತಿಯ ಹೆಸರು ಎಸ್.ಸಿ.ಎಸ್.ಐ. ಬಳಕೆಯ ಮಾತಿನಲ್ಲಿ ಅದನ್ನು ‘ಸ್ಕಝಿ’ ಎನ್ನುತ್ತಾರೆ. ಸಣ್ಣ ಕಂಪ್ಯೂಟರ್ ವ್ಯವಸ್ಥೆಗಳ ಸಂಪರ್ಕಸಾಧನ ಎಂಬುದು ಆ ಅಕ್ಷರಗಳ ಅರ್ಥ. ಅಮೆರಿಕದ ಶುಗಾರ್ಟ್ ಅಸೋಸಿಯೇಟ್ಸ್ ಎಂಬ ಡಿಸ್ಕ್ ತಯಾರಕ ಸಂಸ್ಥೆಯು 1980ರ ಸುಮಾರಿಗೆ ರೂಪಿಸಿದ ಏರ್ಪಾಡೊಂದು ಬೆಳೆದು, 1986ರಲ್ಲಿ ಆ ದೇಶದ ಅಧಿಕೃತ ಮಾನಕವಾಯಿತು. ಅದೇ ವರ್ಷ ಹೊರಬಂದ ಆಪಲ್ ಸಂಸ್ಥೆಯ ಮ್ಯಾಕಿಂಟೋಷ್ ಪ್ಲಸ್ ಕಂಪ್ಯೂಟರಿನಲ್ಲಿ ಈ ಸಂಪರ್ಕವಿದ್ದುದರಿಂದ ಅದರ ಪರಿಚಯ ಬಹುಮಂದಿಗೆ ಆಯಿತು. ಡಿಸ್ಕು, ಟೇಪು, ಸ್ಕ್ಯಾನರು ಇವೆಲ್ಲವನ್ನೂ ಒಂದೇ ಕೇಬಲಿನ ಮೇಲೆ ಸಾಲಾಗಿ ಪೋಣಿಸಲು ಸಾಧ್ಯವಾದುದೇ ಇದರ ಹಿರಿಮೆ.

ಆರಂಭದ ಸ್ಕಝಿ ಸಾಲಿನಲ್ಲಿ ಒಟ್ಟು ಎಂಟು ಸಾಧನಗಳಿಗೆ ಸ್ಥಳವುಂಟು. ಪ್ರತಿಯೊಂದಕ್ಕೂ 0ಯಿಂದ 7ರ ವರೆಗಿನ ಒಂದು ಸಂಖ್ಯೆಯನ್ನು ಕೊಡಬೇಕು. 7 ಎಲ್ಲಕ್ಕಿಂತ ಮೇಲಿನ ಅಧಿಕಾರದ ಸಂಖ್ಯೆ. ಅದು ಸಾಮಾನ್ಯವಾಗಿ ಕಂಪ್ಯೂಟರಿನದೇ. ಇಬ್ಬರು ವಿದ್ಯಾರ್ಥಿಗಳಿಗೆ ಒಂದೇ ಹಾಜರಿ ಸಂಖ್ಯೆ ಇದ್ದರೆ ಕೂಗಿದಾಗ ಇಬ್ಬರೂ ಒಟ್ಟಿಗೆ ಓಗೊಡುತ್ತಾರಷ್ಟೆ. ಇಲ್ಲಿಯೂ ಹಾಗೆಯೇ ಗೊಂದಲವಾಗುತ್ತದೆ. ಈ ತಪ್ಪನ್ನು ಕಂಡುಹಿಡಿಯುವುದು ಸುಲಭ. ಕಷ್ಟವಿರುವುದು ಕೇಬಲಿನಲ್ಲಿ.

ಕೇಬಲಿನಲ್ಲಿ ಸಂಕೇತವು ಒಂದು ಮೀಟರು ದೂರವನ್ನು ಸುಮಾರು 5 ನ್ಯಾನೊಸೆಕೆಂಡಿನಲ್ಲಿ, ಅಂದರೆ ಒಂದು ಸೆಕೆಂಡಿನ ನೂರು ಕೋಟಿಯ ಐದು ಭಾಗದಷ್ಟು ಕಾಲದಲ್ಲಿ, ಕ್ರಮಿಸುತ್ತದೆ. ಆರು ಮೀಟರಿನ ಕೇಬಲಿನಲ್ಲಿ ಹೋಗಿ ಬರಲು 60 ನ್ಯಾನೊಸೆಕೆಂಡು. ಸ್ಕಝಿಯ ವೇಗದ ರೂಪದಲ್ಲಿ ಪ್ರತಿ 100 ನ್ಯಾನೊಸೆಕೆಂಡಿಗೆ ಒಂದು ಹೊಸ ಸಂಕೇತ ಹೊರಡುತ್ತದೆ. ಹಳೆಯದರ ಪ್ರತಿಫಲನವು ಹೊಸದರ ಮೇಲೆ ಬೀಳಲು ಇದಕ್ಕಿಂತ ಬೇರೆ ಅವಕಾಶವೇಕೆ? ಆದಕಾರಣವೇ ಮೊದಲ ಸ್ಕಝಿಗೆ ಕೇಬಲಿನ ಉದ್ದದ ಮಿತಿ 6 ಮೀಟರು. ವೇಗದ ರೂಪಕ್ಕೆ 3 ಮೀಟರು. ಪೆಟ್ಟಿಗೆಗಳ ಒಳಗೆ ಮಡಿಸಿಟ್ಟ ಪಟ್ಟಿಯಂಥ ಕೇಬಲೂ ಈ ಲೆಕ್ಕಕ್ಕೆ ಸೇರತಕ್ಕದ್ದು. ಅನೇಕರು ಅದನ್ನು ಬಿಟ್ಟು ಹೊರಗಿನದನ್ನು ಮಾತ್ರ ಅಳೆಯುತ್ತಾರೆ.

ಇನ್ನು ತುದಿಯ ವಿಷಯ. ಹಗ್ಗವು ಕಂಬದ ಬಳಿ ಮುಗಿಯದೆ ಕೊನೆಯಿಲ್ಲದಂತೆ ಮುಂದುವರಿದಿದ್ದರೆ ಅಲೆ ಮರಳುತ್ತಿರಲಿಲ್ಲ. ತಂತಿಯ ತುದಿಯಲ್ಲಿ ತಕ್ಕ ಬೆಲೆಯ ರೋಧಕಗಳನ್ನು ಇಟ್ಟರೆ, ತಂತಿ ಇನ್ನೂ ಮುಂದಕ್ಕೆ ಹೋಗಿದೆಯೆಂಬ ಭ್ರಮೆ ಸಂಕೇತಕ್ಕೆ ಉಂಟಾಗಿ ಅದು ಅಲ್ಲಿಯೇ ಅಡಗುತ್ತದೆ. ಇಂತಹ ರೋಧಕಗಳ ಜೋಡಣೆಗೆ ಟರ್ಮಿನೇಟರ್ ಎಂದು ಹೆಸರು. ಹಳೆಯ ಬಗೆಯಲ್ಲಿ 220 ಓಂ ಮತ್ತು 330 ಓಂಗಳ ಎರಡು ರೋಧಕಗಳಿರುತ್ತಿದ್ದವು. ಅನಂತರ ಬಂದ ಬಗೆಯಲ್ಲಿ ವಿದ್ಯುದೊತ್ತಡವನ್ನು ಏರಿಳಿಯದಂತೆ ಹಿಡಿದಿಡುವ ಮಂಡಲವೂ 110 ಓಂ ರೋಧಕವೂ ಇದ್ದು, ಅದು ಹೆಚ್ಚು ನಂಬಿಕೆಗೆ ಅರ್ಹವಾಯಿತು.

ಟರ್ಮಿನೇಟರುಗಳು ಎರಡೇ ಇರಬೇಕು; ಅವೂ ಸಾಲಿನ ಎರಡು ಕೊನೆಗಳಲ್ಲಿಯೇ ಇರಬೇಕು. ಮೂರನೆಯದನ್ನು ಸೇರಿಸಿದರೆ ಭದ್ರತೆ ಹೆಚ್ಚೀತೆಂದು ತಿಳಿಯಬಾರದು. ಸ್ಕಝಿ ಸಾಧನವು ತಂತಿಯ ಒತ್ತಡವನ್ನು ಕೆಳಕ್ಕೆಳೆದು ತನ್ನ ಮಾತನ್ನು ತಿಳಿಸುತ್ತದೆ. ಪ್ರತಿಯೊಂದು ಟರ್ಮಿನೇಟರೂ ಅದನ್ನು ಮೇಲಕ್ಕೆ ಎಳೆಯುತ್ತಿರುತ್ತದೆ. ಮೂವರು ಮೇಲಕ್ಕೆಳೆದರೆ ಒಬ್ಬನು ಇಳಿಸಲಾರನು. ಕಂಪ್ಯೂಟರಿನ ಒಳಗೊಂದು ಡಿಸ್ಕು, ಹೊರಗೊಂದು ಡಿಸ್ಕು ಇದ್ದಾಗ ನಿಯಂತ್ರಕವು ಸಾಲಿನ ನಡುವೆ ಬರುವುದರಿಂದ ಅದರ ಟರ್ಮಿನೇಟರನ್ನು ತೆಗೆಯಲೇಬೇಕು. ಸಾಲಿಗೆ ಕವಲುಗಳಿರಬಾರದು, ಕೇಬಲಿನಿಂದ ಸಾಧನದೊಳಕ್ಕೆ ಹೋಗುವ ತುಂಡು 10 ಸೆಂಟಿಮೀಟರನ್ನು ಮೀರಬಾರದು.

1990ರ ದಶಕದಲ್ಲಿ ನನ್ನ ಪ್ರಬಂಧಗಳ ಪುಸ್ತಕವೊಂದು ಅಚ್ಚಾಗುತ್ತಿದ್ದ ಮುದ್ರಣಾಲಯದಲ್ಲಿ ಅಕ್ಷರಜೋಡಣೆ ಮಾಡುತ್ತಿದ್ದ ತರುಣನು ಒಂದು ದಿನ ಕಳೆಗುಂದಿದ ಮುಖದಿಂದ ನನ್ನೆದುರು ನಿಂತನು. “ಸಾರ್, ಡಿಸ್ಕು ಒಮ್ಮೆ ಕಾಣಿಸುತ್ತದೆ, ಒಮ್ಮೆ ಕಾಣಿಸುವುದಿಲ್ಲ. ನಲವತ್ತು ಪುಟ ಕೆಟ್ಟುಹೋಗಿವೆ” ಎಂದನು. ಡಿಸ್ಕು ಹಳತಾಯಿತೆಂದೇ ಎಲ್ಲರ ತೀರ್ಮಾನ. ಬೇರೆ ಊರಿನಿಂದ ಬಂದ ಕುಶಲಕರ್ಮಿ ಡಿಸ್ಕನ್ನು ಬಿಚ್ಚಲೇ ಇಲ್ಲ. ಮೇಜಿನ ಹಿಂದೆ ಬಗ್ಗಿ ಕೇಬಲನ್ನು ಬೆರಳಿನಿಂದ ಸವರುತ್ತಾ ಕೊನೆಯವರೆಗೂ ಹೋದನು. ಹೊಸದಾಗಿ ಎರಡನೆಯ ಡಿಸ್ಕನ್ನು ಸೇರಿಸಿದಾಗ ಟರ್ಮಿನೇಟರು ಮೊದಲಿನ ಪೆಟ್ಟಿಗೆಯಲ್ಲಿಯೇ ಉಳಿದು ನಡುವಿಗೆ ಬಂದಿತ್ತು, ಕೊನೆ ಬರಿದಾಗಿತ್ತು. ಯಂತ್ರಗಳ ವಿದ್ಯುತ್ತನ್ನು ಆರಿಸಿ ಅದನ್ನು ಸ್ಥಳಾಂತರಿಸಿದನು. ಕೆಲಸ ಹತ್ತು ನಿಮಿಷದ್ದು. ಆ ನಲವತ್ತು ಪುಟಗಳನ್ನು ಮಾತ್ರ ತರುಣನು ಮತ್ತೆ ಜೋಡಿಸಬೇಕಾಯಿತು. ನಾನು ಮತ್ತೆ ಕರಡು ತಿದ್ದಿದೆನು.

ತಪ್ಪು ಮೊದಲೇ ಏಕೆ ಸಿಕ್ಕಲಿಲ್ಲವೆಂದು ನೀವು ಕೇಳಬಹುದು. ಎಂಟು ದತ್ತಾಂಶ ತಂತಿಗಳ ಜೊತೆಗೆ, ಅವುಗಳಲ್ಲಿ ಒಂದು ತಪ್ಪಿದರೆ ಸೂಚಿಸುವ ಒಂಬತ್ತನೆಯ ತಂತಿಯೊಂದು ಇರುತ್ತದೆ. ಎರಡು ಒಟ್ಟಿಗೆ ತಪ್ಪಿದರೆ ಅದಕ್ಕೆ ತಿಳಿಯದು. ಅದರ ಮೇಲೆ, ಈ ಕಾವಲನ್ನು ಎಲ್ಲ ಯಂತ್ರಗಳೂ ಬಳಸುತ್ತಿರಲಿಲ್ಲ.

2000ದ ನಂತರದ ವರ್ಷಗಳಲ್ಲಿ ಪ್ರತಿ ಡಿಸ್ಕಿಗೂ ಪ್ರತ್ಯೇಕವಾದ ಸಣ್ಣ ಕೇಬಲನ್ನು ಕೊಡುವ ಹೊಸ ರೂಪ ಬಂದಿತು. ಅದರಲ್ಲಿ ಬಳಕೆದಾರನು ಟರ್ಮಿನೇಟರನ್ನು ಹುಡುಕಬೇಕಾಗಿಲ್ಲ. ತುದಿಯ ರೋಧಕಗಳು ಸಾಧನಗಳ ಒಳಗೇ ಸೇರಿಹೋಗಿವೆ. ದಪ್ಪ ಕೇಬಲು ಮರೆಯಾದರೂ ಅದರ ಮೇಲೆ ನಡೆಯುತ್ತಿದ್ದ ಆಜ್ಞೆಗಳ ಭಾಷೆ ಉಳಿದಿದೆ. ನಿಮ್ಮ ಶಾಲೆಯ ಕಂಪ್ಯೂಟರಿಗೆ ಚುಚ್ಚುವ ಪೆನ್ ಡ್ರೈವಿಗೆ ‘ಓದು’, ‘ಬರೆ’ ಎಂದು ಹೋಗುವ ಆಜ್ಞೆಗಳು ಇಂದಿಗೂ ಸಾಮಾನ್ಯವಾಗಿ ಸ್ಕಝಿಯವೇ.