ಬಾಯಿಪಾಠ ಬಂದರೆ ಅಕ್ಷರ ಬಂದಂತೆಯೇ?

"ನಮ್ಮ ಹುಡುಗ ಅ ಆ ಇ ಈಯಿಂದ ಳ ತನಕ ತಡೆಯಿಲ್ಲದೆ ಹೇಳ್ತಾನ, ಅಕ್ಷರ ಎಲ್ಲಾ ಬಂದಾವ." ಕಲಬುರಗಿ ಜಿಲ್ಲೆಯ ಮುಧೋಳ, ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಮನೆಗಳಲ್ಲಿ ಒಂದನೇ ತರಗತಿಯ ಮಗುವಿನ ಬಗ್ಗೆ ಆಡುವ ಹೆಮ್ಮೆಯ ಮಾತು ಇದು. ಹೆಮ್ಮೆ ಸರಿ, ತೀರ್ಮಾನ ತಪ್ಪು. ರಾಗವಾಗಿ ಹೇಳುವಾಗ ಮಗುವಿಗೆ ನೆನಪಿರುವುದು ಸಾಲು ಮಾತ್ರ. ಪುಟದ ನಡುವಿನ ಒಂದು 'ಷ' ತೋರಿಸಿ ಕೇಳಿ. ಯ ರ ಲ ವ ಶ ಎಂದು ಮೊದಲಿನಿಂದ ಓಡಿಬಂದು ಉತ್ತರ ಕೊಟ್ಟರೆ, ಇಲ್ಲವೇ 'ಪ' ಎಂದರೆ, ಗುರುತು ಇನ್ನೂ ಗಟ್ಟಿಯಾಗಿಲ್ಲ. ಪ–ಷ, ದ–ಧ, ಬ–ಭ, ಇವುಗಳ ನಡುವೆ ಇರುವುದು ಒಂದು ಸಣ್ಣ ಗೀಟಿನ ಅಂತರ. ಅಲ್ಲಿ ಎಡವುವ ಮಗು ದಡ್ಡನಲ್ಲ.

ನಲಿ-ಕಲಿ ಎಂಬ ಕಲಿಕಾ ಪದ್ಧತಿ ಈ ಸಾಲನ್ನು ಮುರಿದದ್ದು ಬೇಕೆಂದೇ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿ, 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂದ ಈ ಪದ್ಧತಿ ಶುರುವಾಗುವುದು ರ, ಗ, ಸ, ದ, ಅ ಎಂಬ ಅಕ್ಷರಗಳಿಂದ. "ಅ ಆ ಬಿಟ್ಟು ಇದೇನು ಕಲಿಸ್ತಾರ?" ಎಂದು ಪಾಲಕರು ಕೇಳುತ್ತಾರೆ. ಈ ಐದೇ ಅಕ್ಷರ ಬಂದರೆ ಮಗು ಸರ, ದರ, ಅಗಸ, ಅರಸ, ಗರಗಸ ಎಂದು ಮೊದಲ ವಾರಗಳಲ್ಲೇ ಓದಬಲ್ಲದು. ಸ್ವರಗಳನ್ನಷ್ಟೇ ಮುಗಿಸಿದ ಮಗುವಿಗೆ ಆ, ಈ ಬಿಟ್ಟರೆ ಓದಲು ಏನಿದೆ? ವರ್ಣಮಾಲೆಯ ಕ್ರಮವನ್ನು ಕಲಿಯಲೇಬೇಕು, ಅದು ಮುಂದೆ ನಿಘಂಟು ನೋಡಲು ಬೇಕು. ಮೊದಲ ಮೆಟ್ಟಿಲು ಅದೇ ಆಗಬೇಕಿಲ್ಲ.

ಇನ್ನೊಂದು ನಂಬಿಕೆ ಇದಕ್ಕಿಂತ ಆಳವಾಗಿ ಬೇರೂರಿದೆ: ಕನ್ನಡ ಬರೆದಂತೆ ಓದುವ ಭಾಷೆ, ನಲವತ್ತೊಂಬತ್ತು ಅಕ್ಷರ ತಿಳಿದರೆ ಓದು ತಾನಾಗಿ ಬರುತ್ತದೆ. ನಮ್ಮ ಬಸ್ಸಿನ ಬೋರ್ಡುಗಳನ್ನೇ ನೋಡಿ. ಸೇಡಂ ಎಂಬಲ್ಲಿ ಸೊನ್ನೆಯ ಧ್ವನಿ ಮ್. ಚಿಂಚೋಳಿಯಲ್ಲಿ ಅದೇ ಸೊನ್ನೆ ಞ್ ಆಗುತ್ತದೆ. ಚಿತ್ತಾಪುರದ ತ ಒತ್ತಿಗೂ ಮೂಲ ತಕಾರಕ್ಕೂ ರೂಪದಲ್ಲಿ ಹೋಲಿಕೆಯೇ ಇಲ್ಲ. ನ, ಮ, ಯ, ರ, ಲ ಒತ್ತುಗಳದೂ ಇದೇ ಕಥೆ. ಮುಧೋಳದಲ್ಲಿ ಬರೆಯುವುದು ಮಹಾಪ್ರಾಣ, ಬಹುಪಾಲು ಜನರ ಬಾಯಲ್ಲಿ ಅದು ಮುದೋಳ. ಮೂವತ್ನಾಲ್ಕು ವ್ಯಂಜನಗಳ ಕಾಗುಣಿತವೇ ನಾನೂರು ರೂಪಗಳನ್ನು ದಾಟುತ್ತದೆ, ಒತ್ತಕ್ಷರಗಳು ಬೇರೆ. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಅಕ್ಷರಜ್ಞಾನ ಪೂರ್ತಿಯಾಗಲು ಹಲವು ತರಗತಿಗಳೇ ಹಿಡಿಯುತ್ತವೆ ಎಂದು ತೋರಿಸಿದ್ದಾರೆ. ಎರಡನೇ ತರಗತಿಯಲ್ಲಿ ಒತ್ತಕ್ಷರಕ್ಕೆ ತಡವರಿಸುವ ಮಗುವನ್ನು ಹಿಂದುಳಿದವನೆಂದು ಕರೆಯುವುದು ಅನ್ಯಾಯ.

ಮನೆಮಾತಿನ ಬಗೆಗಿನ ತಪ್ಪು ತಿಳಿವಳಿಕೆ ನನ್ನನ್ನು ಹೆಚ್ಚು ನೋಯಿಸುತ್ತದೆ. ತೆಲಂಗಾಣದ ಗಡಿಗೆ ಹತ್ತಿದ ಈ ಊರುಗಳಲ್ಲಿ ಮಕ್ಕಳು ತೆಲುಗು, ಉರ್ದು, ಲಂಬಾಣಿ ಮಾತಾಡುತ್ತಲೇ ಶಾಲೆಗೆ ಬರುತ್ತಾರೆ. "ಮನ್ಯಾಗ ಬೇರೆ ಭಾಷೆ, ಅದಕ್ಕ ಅಕ್ಷರ ಹತ್ತಂಗಿಲ್ಲ" ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ತೆಲುಗು ಲಿಪಿ ಕನ್ನಡ ಲಿಪಿಯ ಒಡಹುಟ್ಟು. ಇನ್ನು ಖ, ಘ, ಭಗಳನ್ನು ಉಸಿರು ತುಂಬಿ ಹೇಳುವುದು ಹಳ್ಳಿಯ ಕನ್ನಡ ಮಗುವಿಗೆ ಕಷ್ಟ. ಖಾನಾ, ಘರ್, ಭಾಯಿ ಎಂದು ದಿನವೂ ಆಡುವ ಉರ್ದು ಮಗುವಿಗೆ ಅದು ಸಹಜ. ಮಹಾಪ್ರಾಣ ಕಲಿಸುವ ದಿನ ಆ ಮಗುವನ್ನೇ ಮುಂದೆ ನಿಲ್ಲಿಸಿ ಹೇಳಿಸಬೇಕು.

ಕನ್ನಡದ ಮಗುವಿಗೂ ಮನೆಮಾತು ಇದೆ. 'ಬೇಳೆ' ಎಂದು ಬರೆದದ್ದನ್ನು 'ಬ್ಯಾಳಿ' ಎಂದೂ 'ಮನೆ'ಯನ್ನು 'ಮನಿ' ಎಂದೂ ಓದಿದರೆ ತಪ್ಪೆಂದು ಗೀಟು ಹಾಕುವವರಿದ್ದಾರೆ. ತೊಗರಿ ನಾಡಿನ ಮಗು ಆ ಪದವನ್ನು ಗುರುತಿಸಿ, ಅರ್ಥ ಹಿಡಿದು, ತನ್ನ ಉಚ್ಚಾರದಲ್ಲಿ ಹೇಳಿದೆ. ಅದು ಓದೇ. 'ಮನೆ'ಯನ್ನು 'ಮೇನ' ಎಂದರೆ ಅದು ಅಕ್ಷರದ ತೊಡಕು, ಅಲ್ಲಿ ಕಲಿಸಬೇಕು. ಈ ಎರಡನ್ನೂ ಬೇರೆ ಮಾಡಿ ನೋಡದವರು ಮಗುವಿನ ಬಾಯಿ ಕಟ್ಟುತ್ತಾರೆ.

"ಮಾತು ಬಂದವರಿಗೆ ಓದು ತಾನೇ ಬರುತ್ತದೆ" ಎನ್ನುವವರೂ ಇದ್ದಾರೆ. ಅವರಿಗೆ ಈ ನೆಲದಲ್ಲೇ ಒಂದು ಆಧಾರ ಸಿಕ್ಕೀತು. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಒಂಬತ್ತನೇ ಶತಮಾನದಲ್ಲಿ ಆ ಅರಸರ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ, ಓದದೆಯೂ ಕಾವ್ಯದಲ್ಲಿ ನಿಪುಣರಾದ ಕನ್ನಡ ಜನರನ್ನು ಹೊಗಳುತ್ತದೆ. ಅದು ನುಡಿಯ ಜಾಣ್ಮೆಯ ಮಾತು. ಅಕ್ಷರವನ್ನು ಯಾರಾದರೂ ತೋರಿಸಿ, ಧ್ವನಿ ಕೇಳಿಸಿ, ಕಲಿಸಲೇಬೇಕು. ಹತ್ತು ಸಲ ನಕಲು ಬರೆಸುವುದೂ ಕಲಿಸಿದಂತಲ್ಲ: ಧ್ವನಿ ಹೇಳದೆ ಬರೆದರೆ ಕೈಗೆ ಅಭ್ಯಾಸವಾದೀತು, ಓದಿಗೆ ಹೆಚ್ಚೇನೂ ದಕ್ಕದು.

ಪಾಲಕರಲ್ಲಿ ನನ್ನ ಕೋರಿಕೆ ಇಷ್ಟೇ. ವಾಡಿ ಸ್ಟೇಷನ್ನಿನಲ್ಲಿ, ಶಹಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಕಾಯುವಾಗ ಮಗುವಿಗೆ ಫಲಕ ತೋರಿಸಿ. 'ವಾಡಿ'ಯಲ್ಲಿ ಮೊದಲು ಯಾವ ಧ್ವನಿ ಕೇಳಿಸಿತು, 'ವಾ' ಎಲ್ಲಿದೆ, ಗುಡಿಸು ಯಾವುದಕ್ಕಿದೆ ಎಂದು ಕೇಳಿ. ತಪ್ಪಿದರೆ ಬೈಯದೆ ನೀವೇ ಹೇಳಿ, ಇನ್ನೊಂದು ಬೋರ್ಡಿನಲ್ಲಿ ಅದೇ ಅಕ್ಷರ ಹುಡುಕಿಸಿ. ಓದಲು ಬಾರದ ತಾಯಂದಿರೂ ಧ್ವನಿಯ ಈ ಆಟ ಆಡಿಸಬಹುದು: 'ಮ' ಎಂದು ಶುರುವಾಗುವ ಮನೆಯ ವಸ್ತುಗಳನ್ನು ಮಗುವಿನಿಂದ ಹೇಳಿಸಿ.