ನಿಮಗಿದು ಗೊತ್ತೆ? ಹಲಗೆ ಏರಿದ ಮಿಕ್ಕಿ, ವಿಮಾನ ಏರಿದ ಶ್ರೀಸಾಮಾನ್ಯ
ಸ್ಕೇಟ್‌ಬೋರ್ಡಿನ ಹಲಗೆ ಸಾಮಾನ್ಯವಾಗಿ ಮೇಪಲ್ ಮರದ 7 ತೆಳು ಪದರಗಳನ್ನು ಅಂಟಿಸಿ ಒತ್ತಿದ್ದು. ಚಿತ್ರ ಇರುವುದು ಚಕ್ರಗಳ ಕಡೆ, ಅಡಿಭಾಗದಲ್ಲಿ. ಕಂಬಿಯ ಮೇಲೆ ಜಾರಿಸಿದರೆ ಬೇಗ ಸವೆಯುತ್ತದೆ. ಅದಕ್ಕೇ ಸಂಗ್ರಾಹಕರು ಅದನ್ನು ಗೋಡೆಗೆ ತೂಗುಹಾಕುವುದು. 1994ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಸುಪ್ರೀಂ ಕಂಪನಿ ಮಿಕ್ಕಿ ಮೌಸನ್ನು, ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ಕಂಪನಿ ಕಾರ್ಟೂನಿನ ಸಿಂಪ್ಸನ್ಸ್ ಕುಟುಂಬವನ್ನು ಪರವಾನಗಿ ಪಡೆದೇ ಹಲಗೆಗೆ ಏರಿಸಿದವು.

ಹೀಗೆ ಒಪ್ಪಿಗೆ ಪಡೆದ ಕಾರ್ಟೂನ್ ಪಾತ್ರವೊಂದು ನಮ್ಮಲ್ಲಿ ವಿಮಾನವನ್ನೂ ಏರಿತ್ತು. ಯಲಹಂಕದ ಪಕ್ಕದ ಜಕ್ಕೂರಿನಿಂದ ಹೆಲಿಕಾಪ್ಟರ್ ಹಾರಿಸುತ್ತಿದ್ದ ಡೆಕ್ಕನ್ ಏವಿಯೇಷನ್, 2003ರಲ್ಲಿ ತಾನು ಆರಂಭಿಸಿದ ವಿಮಾನಯಾನ ಸಂಸ್ಥೆ ಏರ್ ಡೆಕ್ಕನ್‌ಗೆ ಮೈಸೂರಿನ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರ ಒಪ್ಪಿಗೆಯೊಂದಿಗೆ ಚೌಕಳಿ ಕೋಟು, ಪಂಚೆಯ ಶ್ರೀಸಾಮಾನ್ಯನನ್ನು ಲಾಂಛನವಾಗಿಸಿಕೊಂಡಿತು. ಅಗ್ಗದ ಟಿಕೆಟ್ಟಿಗೆ ಅವನಿಗಿಂತ ತಕ್ಕ ಮುಖ ಸಿಗುತ್ತಿರಲಿಲ್ಲ. ಲಕ್ಷ್ಮಣ್ ತೀರಿಕೊಂಡದ್ದು 2015ರಲ್ಲಿ. ಭಾರತದ ಕಾನೂನಿನಂತೆ ಚಿತ್ರಗಳ ಕೃತಿಸ್ವಾಮ್ಯ ಕಲಾವಿದರ ನಂತರ 60 ವರ್ಷ, ಅಂದರೆ 2075ರ ಕೊನೆಯವರೆಗೆ ಇರುತ್ತದೆ.